ತಿಂಗಳ ಪಟ್ಟಿ ಮಾರ್ಟ್‌ಗೆ, ಪಾವ್ ಕಿಲೋ ಉದ್ರಿ ನಮಗೆ: ಕಲಬುರಗಿ ಕಿರಾಣಿಯವರು ಏನು ಮಾಡಬೇಕು?

ಶಹಾಬಜಾರ್ ಕಿರಾಣಿ:
ಎಲ್ಲರಿಗೂ ಶರಣು. ಶಹಾಬಜಾರ್ ಕಡೆ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಜಾಗ ಸ್ವಂತದ್ದು, ಬಾಡಿಗೆ ಇಲ್ಲ.

ಗಿರಾಕಿಗಳು ಬರುವುದು ನಿಂತಿಲ್ಲ. ಬರುವ ಕಾರಣ ಬದಲಾಗಿದೆ ಅಷ್ಟೇ. ಮೊದಲು ಪಗಾರ ಆದ ವಾರ ಮನೆಮನೆಯಿಂದ ಪಟ್ಟಿ ಬರುತ್ತಿತ್ತು. ಬೇಳೆ, ಅಕ್ಕಿ, ಸಕ್ಕರೆ, ಎಣ್ಣೆ, ಸೋಪು, ಚಹಾಪುಡಿ, ಎಲ್ಲ ಒಂದೇ ಸಲಕ್ಕೆ. ಈಗ ಆ ಪಟ್ಟಿ ದೊಡ್ಡ ಮಾರ್ಟ್‌ಗೆ ಹೋಗುತ್ತದೆ, ಕೈಯಲ್ಲಿ ನಗದು ಹಿಡಿದುಕೊಂಡು. 20ನೇ ತಾರೀಖಿನ ಮೇಲೆ ಸಕ್ಕರೆ ಮುಗಿದರೆ ನಮ್ಮ ನೆನಪಾಗುತ್ತದೆ. ಅದೂ ಪಾವ್ ಕಿಲೋ, ಅದೂ ಉದ್ರಿ.

ಬೆಂಗಳೂರಿನಲ್ಲಿರುವ ನಮ್ಮ ಭಾವ ಹೇಳುವುದು: ಕಟ್ಟೆ ಒಡೆದು ಹಾಕು, ರ್‍ಯಾಕ್ ಹಾಕಿಸು, ಎಸಿ ಕೂಡಿಸು, ಗಿರಾಕಿ ತಾವೇ ಆರಿಸಿಕೊಳ್ಳಲಿ, ಕಂಪ್ಯೂಟರ್ ಬಿಲ್ ಕೊಡು. ಕೆಲಸದವರು ಮೂರೂವರೆ ಲಕ್ಷ ಆಗುತ್ತದೆ ಎಂದಿದ್ದಾರೆ. ಅಪ್ಪ ಸುತರಾಂ ಒಪ್ಪುತ್ತಿಲ್ಲ. ನನಗೆ ಎರಡೂ ಕಡೆ ಮಾತು ಸರಿ ಅನ್ನಿಸುತ್ತದೆ. ಅಂಗಡಿ ನಡೆಸುವವರು, ಗಂಜ್‌ನವರು (ಕಾಳುಕಡಿಯ ಸಗಟು ಮಾರುಕಟ್ಟೆಯವರು), ಗಿರಾಕಿಗಳು, ಯಾರಾದರೂ ನೇರವಾಗಿ ಹೇಳಿ.

ಬೀಟ್ ಹುಡುಗ:
ಅಣ್ಣಾ, ನಾನು ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್‌ಮನ್. ವಾರಕ್ಕೊಮ್ಮೆ ನಿಮ್ಮಂಥ ಅಂಗಡಿಗಳಿಗೆ ಆರ್ಡರ್ ತೆಗೆದುಕೊಳ್ಳಲು ಬರುವವನು. ಒಳಗಿನ ಲೆಕ್ಕ ಹೇಳುತ್ತೇನೆ.

ಸೋಪು, ಪೇಸ್ಟ್, ಬಟ್ಟೆ ಪೌಡರ್, ಬಿಸ್ಕತ್ತಿನಲ್ಲಿ ನಿಮಗೆ ನೂರಕ್ಕೆ ಎಂಟು-ಹತ್ತು ರೂಪಾಯಿ ಉಳಿದರೆ ಹೆಚ್ಚು. ಜೋರಾಗಿ ಓಡುವ ಐಟಂಗಳಲ್ಲಿ ಅದೂ ಇಲ್ಲ. ಮಾಲು ಕಂಪನಿಯಿಂದ ಡಿಪೋ, ಡಿಪೋದಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ನಿಮ್ಮ ಅಂಗಡಿಗೆ ಬರುತ್ತದೆ. ದಾರಿಯಲ್ಲಿ ಎಲ್ಲರೂ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ದೊಡ್ಡ ಮಾರ್ಟ್‌ಗಳು ಕಂಪನಿಯಿಂದಲೇ ನೇರ ಖರೀದಿ ಮಾಡುತ್ತವೆ. ಸಾಮಾನನ್ನು ಕಣ್ಣಿಗೆ ಬೀಳುವ ಕಡೆ ಇಡುವುದಕ್ಕೂ ಕಂಪನಿಯಿಂದ ದುಡ್ಡು ತೆಗೆದುಕೊಳ್ಳುತ್ತವೆ. ಡಿಮಾರ್ಟ್ ಕಥೆ ಪೇಪರ್‌ಗಳಲ್ಲಿ ಎಷ್ಟೋ ಸಲ ಬಂದಿದೆ. 2002ರಲ್ಲಿ ಮುಂಬೈನ ಪೊವಾಯ್‌ನಲ್ಲಿ ಮೊದಲ ಅಂಗಡಿ ತೆರೆದರು. ಹೆಚ್ಚಿನ ಕಡೆ ಕಟ್ಟಡ ಸ್ವಂತದ್ದೇ, ಸಪ್ಲೈ ಮಾಡಿದವರಿಗೆ ಬೇಗ ದುಡ್ಡು ಕೊಟ್ಟು ಕಡಿಮೆ ದರಕ್ಕೆ ತರುತ್ತಾರೆ. ಇಂಥವರ ಜೊತೆ ಎಂಆರ್‌ಪಿ ಸಾಮಾನಿನಲ್ಲಿ ಕುಸ್ತಿಗೆ ಇಳಿಯಬೇಡಿ. ನಿಮಗೆ ಬೀಳುವ ದರಕ್ಕಿಂತ ಕಡಿಮೆಗೆ ಅವರು ಮಾರುವ ಐಟಂಗಳನ್ನು ನಾನೇ ನೋಡಿದ್ದೇನೆ.

ನಮ್ಮ ಡಿಸ್ಟ್ರಿಬ್ಯೂಟರ್‌ಗಳಿಗೂ ಇದೇ ಸಿಟ್ಟು. ಆನ್‌ಲೈನ್ ಸಗಟು ಕಂಪನಿಗಳಿಗೆ ಒಂದು ದರ, ನಮಗೆ ಇನ್ನೊಂದು ದರ ಯಾಕೆ ಎಂದು 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟ ಗಲಾಟೆ ಎಬ್ಬಿಸಿತ್ತು. 2022ರ ಜನವರಿ 1ರಿಂದ ಅಸಹಕಾರ ಎಂದು ಕಂಪನಿಗಳಿಗೆ ಪತ್ರವನ್ನೂ ಬರೆದಿತ್ತು.

ನಿಮ್ಮ ಕೈಯಲ್ಲಿ ಉಳಿದಿರುವುದು ಸಣ್ಣ ಪ್ಯಾಕು. ₹1, ₹2ರ ಶಾಂಪೂ, ₹5ರ ಬಿಸ್ಕತ್ತು, ₹10ರ ಚಹಾಪುಡಿ. ಅವನ್ನು ಒಂದೊಂದಾಗಿ ಕೊಳ್ಳಲು ಯಾರೂ ರಿಂಗ್ ರೋಡ್ ದಾಟಿ ಹೋಗುವುದಿಲ್ಲ. ದೊಡ್ಡ ಪ್ಯಾಕ್ ಜಾಸ್ತಿ ತುಂಬಿಸಬೇಡಿ. ನಾನೇ ಬಂದು ಸ್ಕೀಮ್ ಇದೆ ಎಂದು ಒತ್ತಾಯ ಮಾಡಿದರೂ ಬೇಡ ಅನ್ನಿ!

ಜೇವರ್ಗಿ ಕಾಲೊನಿ ಅಕ್ಕ:
ನಾನು ಗಿರಾಕಿ. ತಿಂಗಳ ಸಾಮಾನು ಮಾರ್ಟ್‌ನಿಂದಲೇ ತರುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಬೇಜಾರಾಗಬೇಡಿ ತಮ್ಮಾ.

ರೇಟು ಒಂದೇ ಕಾರಣ ಅಲ್ಲ. ಅಲ್ಲಿ ಯಾರನ್ನೂ ಕೇಳದೆ ತಾರೀಖು ನೋಡಬಹುದು. ನಮ್ಮ ಓಣಿಯ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿದರೆ ಸಾಕು, "ಯಾಕ್ರೀ ಅಕ್ಕೋರೆ, ನಂಬಿಕೆ ಇಲ್ಲೇನು" ಅನ್ನುತ್ತಾರೆ. ಇನ್ನೊಂದು, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡ್‌ನಂಥ ಸಾಮಾನು. ಕಟ್ಟೆಯ ಮೇಲೆ ನಾಲ್ಕು ಗಂಡಸರು ಮಾತಾಡುತ್ತ ಕೂತಿರುವಾಗ ಕೇಳುವುದು ಹೇಗೆ? ಮಾರ್ಟ್‌ನಲ್ಲಿ ಬುಟ್ಟಿಗೆ ಹಾಕಿಕೊಂಡು ಸುಮ್ನೆ ಬರಬಹುದು.

ಮತ್ತೆ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಇರುವಾಗ ಎಸಿ ಒಳಗೆ ಒಂದು ತಾಸು ಮಕ್ಕಳ ಜೊತೆ ತಿರುಗಾಡಿ ಬಂದರೆ ಅದೇ ಪಿಕ್ನಿಕ್. ಇದಕ್ಕೆ ನೀವು ಏನೂ ಮಾಡಲಾಗದು ಬಿಡಿ. ಪಟ್ಟಿಯಲ್ಲಿ ಇಲ್ಲದ ಸಾಮಾನಿಗೂ ದುಡ್ಡು ಹೋಗುತ್ತದೆ ಅಂತ ನಮ್ಮ ಮನೆಯವರು ಪ್ರತಿ ಸಲ ಗೊಣಗುತ್ತಾರೆ, ಅದೂ ನಿಜ.

ಆದರೆ ಬೇಳೆ ಮತ್ತು ಜೋಳ ಅಲ್ಲಿ ತರುವುದಿಲ್ಲ. ಒಂದೆರಡು ಸಲ ತಂದಿದ್ದೆ. ಬೇಳೆ ಬೇಗ ಬೇಯಲಿಲ್ಲ, ಬೆಂದ ಮೇಲೂ ನಮ್ಮ ಬೇಳೆಯ ರುಚಿ ಇರಲಿಲ್ಲ.

ರೋಜಾ ಹುಡುಗ:
2020ರ ಮಾರ್ಚ್ ಎಲ್ಲರೂ ಮರೆತರಾ? ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಗಿದ್ದು. ಊರೆಲ್ಲ ಬಂದ್ ಆಗಿದ್ದಾಗ ಅರ್ಧ ಶಟರ್ ತೆಗೆದು ಹಾಲು, ಹಿಟ್ಟು ಕೊಟ್ಟವರು ಯಾರು? ಜನರಿಗೆ ಸ್ವಲ್ಪವಾದರೂ ನಿಯತ್ತು ಬೇಕು.

ಬೀದರ್ ಬಜಾರ್:
ರೋಜಾ ಭಾಯ್, ಮಾತು ಸರಿ. ಆದರೆ ನಿಯತ್ತಿನ ಮೇಲೆ ಅಂಗಡಿ ನಡೆಯುವುದಿಲ್ಲ. ಅದೇ ಲಾಕ್‌ಡೌನ್‌ನಲ್ಲಿ ಕೆಲವರು ಎಣ್ಣೆಗೆ, ಉಪ್ಪಿಗೆ ಎಷ್ಟು ತೆಗೆದುಕೊಂಡರು ಅನ್ನುವುದನ್ನೂ ಜನ ಮರೆತಿಲ್ಲ.

ಗಂಜ್ ಮುನೀಮ:
ನಾನು ನೆಹರು ಗಂಜ್‌ನಲ್ಲಿ ಅಡತ್ (ದಲಾಲಿ) ಅಂಗಡಿಯ ಲೆಕ್ಕ ಬರೆಯುವವನು. ಮೇಲೆ ಅಕ್ಕನವರು ಬೇಳೆಯ ಮಾತು ಎತ್ತಿದರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಮಾಲು ಎಂಬ ಸರ್ಕಾರಿ ಗುರುತು, ಸಿಕ್ಕಿದೆ, ಗುಲ್ಬರ್ಗಾ ತೊಗರಿ ಬೇಳೆ ಎಂಬ ಹೆಸರಿನಲ್ಲಿ. ಊರ ಸುತ್ತ ದಾಲ್ ಮಿಲ್‌ಗಳಿವೆ. ಇಷ್ಟಿದ್ದೂ ನಮ್ಮ ಎಷ್ಟೋ ಕಿರಾಣಿಯವರು ಚೀಲದ ಮೇಲೆ ಬರೀ "ತೊಗರಿ ಬೇಳೆ" ಎಂದು ಚೀಟಿ ಹಚ್ಚಿ ಒಂದೇ ಡಬ್ಬ ಇಡುತ್ತಾರೆ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದಲೂ ತೊಗರಿ ದೇಶಕ್ಕೆ ಬರುತ್ತದೆ. ಅದೂ ಬೇಳೆಯಾಗಿ ಬಜಾರಿಗೆ ಬರುತ್ತದೆ. ಅದನ್ನು ಮಾರುವುದು ತಪ್ಪಲ್ಲ, ಅಗ್ಗಕ್ಕೆ ಬೇಕು ಅನ್ನುವವರಿಗೆ ಅದೂ ಬೇಕು. ಆದರೆ ಎರಡು ಡಬ್ಬ ಇಡಿ. ಒಂದರ ಮೇಲೆ "ಊರ ಬೇಳೆ", ಇನ್ನೊಂದರ ಮೇಲೆ "ಹೊರಗಿನ ಬೇಳೆ" ಎಂದು ದರದ ಸಮೇತ ಬರೆಯಿರಿ. ಯಾವ ಮಿಲ್‌ನದು, ಹೊಸ ತೊಗರಿಯದೋ ಹಳೆಯದೋ ಎಂದು ಬಾಯಿಬಿಟ್ಟು ಹೇಳಿ. ಮಾರ್ಟ್‌ನಲ್ಲಿ ರ್‍ಯಾಕ್ ತುಂಬುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ.

ದರದಲ್ಲೂ ಒಂದು ಅನುಕೂಲ ಇದೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋ ತನಕದ ಬೇಳೆ, ಅಕ್ಕಿ, ಹಿಟ್ಟಿಗೆ 5% ಜಿಎಸ್‌ಟಿ ಬಂತು. ಚೀಲ ಬಿಚ್ಚಿ ಗಿರಾಕಿ ಎದುರಿಗೆ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಮಾರ್ಟ್‌ನವರೂ ಬಿಡಿ ಬೇಳೆ ಇಡುತ್ತಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ಅವರ ಕಪಾಟಿನಲ್ಲಿ ಜಾಸ್ತಿ ಇರುವುದು ಪ್ಯಾಕೆಟ್ಟೇ. ಒಂದು ಕಿಲೋ ಬೇಳೆಯಲ್ಲಿ ನಿಮಗೆ ಉಳಿಯುವುದನ್ನು ಒಂದು ಕಿಲೋ ಬಟ್ಟೆ ಪೌಡರ್‌ನಲ್ಲಿ ಉಳಿಯುವುದರ ಜೊತೆ ಇಟ್ಟು ನೋಡಿ. ನಾನು ಹೇಳುವುದಕ್ಕಿಂತ ನೀವೇ ಲೆಕ್ಕ ಹಾಕಿದರೆ ನಂಬಿಕೆ ಬರುತ್ತದೆ.

ಖರೀದಿಯ ಕಾಲವೂ ಮುಖ್ಯ. ನಮ್ಮಲ್ಲಿ ತೊಗರಿ ಜೂನ್-ಜುಲೈನಲ್ಲಿ ಬಿತ್ತಿ, ಡಿಸೆಂಬರ್-ಜನವರಿಯಲ್ಲಿ ರಾಶಿ ಆಗುತ್ತದೆ. ಗಂಜ್‌ಗೆ ಆವಕ ಜೋರಾಗುವುದು ಆಗಲೇ. ನೂರು ಕಿಲೋ ತೊಗರಿಯಿಂದ ಮಿಲ್‌ನಲ್ಲಿ 70-75 ಕಿಲೋ ಬೇಳೆ ಬರುತ್ತದೆ. ತೊಗರಿಯ ದರ ಗೊತ್ತಿದ್ದರೆ ಬೇಳೆ ಎಷ್ಟಕ್ಕೆ ಕೂತೀತು ಎಂದು ನೀವೇ ಅಂದಾಜು ಮಾಡಬಹುದು. ಮಿಲ್‌ನ ಮಾತನ್ನೇ ನಂಬಿ ಕೂರಬೇಕಿಲ್ಲ. ಹಾಗಂತ ಗೋದಾಮು ತುಂಬಿಸಲು ಹೋಗಬೇಡಿ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ, ಕಡಲೆಗೆ ದಾಸ್ತಾನು ಮಿತಿ ಹಾಕಿದಾಗ ಚಿಲ್ಲರೆ ಅಂಗಡಿಗೆ 5 ಟನ್ ಎಂದಿತ್ತು. ನಿಮ್ಮಂಥವರು ಅಲ್ಲಿ ತನಕ ಹೋಗುವುದಿಲ್ಲ, ನಿಜ. ಆದರೆ ದರ ಬಿದ್ದರೆ ಐದು ಕ್ವಿಂಟಲ್ ಕೂಡ ಎದೆಯ ಮೇಲೆ ಕೂರುತ್ತದೆ.

ಶಹಾಬಜಾರ್ ಕಿರಾಣಿ:
ಮುನೀಮರೇ, ತುಂಬಾ ಉಪಕಾರ. ಬೇಳೆ ಸರಿ. ಜೋಳದ ಬಗ್ಗೆಯೂ ಹೇಳಿ. ನಮ್ಮ ಕಡೆ ಜೋಳ ಕೇಳುವವರೇ ಕಡಿಮೆ ಆಗಿದ್ದಾರೆ. ಎಲ್ಲರೂ ಹಿಟ್ಟೇ ಕೇಳುತ್ತಾರೆ.

ಗಿರಣಿ ಮಾವ:
ಅದನ್ನು ನಾನು ಹೇಳುತ್ತೇನೆ ತಮ್ಮಾ, ನಮ್ಮದು ಹಿಟ್ಟಿನ ಗಿರಣಿ. ಜೋಳ ಬೇಡ ಅಂತ ಯಾರೂ ಹೇಳುವುದಿಲ್ಲ. ಹಸನು ಮಾಡಿ, ಗಿರಣಿಗೆ ಹೊತ್ತು ತಂದು, ಪಾಳಿ ಹಚ್ಚಿ ನಿಲ್ಲುವುದು ಯಾರಿಗೂ ಬೇಡವಾಗಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿದೆ? ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಹರಿಯುತ್ತದೆ, ಬಡಿಯಲು ಬರುವುದಿಲ್ಲ. ಪ್ಯಾಕೆಟ್ ಹಿಟ್ಟಿನ ದೊಡ್ಡ ತೊಂದರೆ ಅದೇ.

ನೀವು ಒಳ್ಳೆಯ ಮಾಲದಂಡಿ ಜೋಳ ತಂದು, ಹಸನು ಮಾಡಿಸಿ ಇಡಿ. ಗಿರಾಕಿ ಬೆಳಗ್ಗೆ ಹೇಳಿದರೆ ಓಣಿಯ ಗಿರಣಿಯಲ್ಲಿ ಬೀಸಿಸಿ ಸಂಜೆ ಬಿಸಿ ಬಿಸಿ ಹಿಟ್ಟು ಕೊಡಿ. ಜೋಳದ ದರ, ಹಸನು ಮಾಡಿದ್ದು, ಬೀಸಿದ್ದು, ಮೂರನ್ನೂ ಬಿಡಿಸಿ ಹೇಳಿ. ಯಾರೂ ಚೌಕಾಶಿ ಮಾಡುವುದಿಲ್ಲ. ಹಸನು ಮಾಡುವ ಕೆಲಸ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗುತ್ತದೆ. ಕಡಕ್ ರೊಟ್ಟಿ ಮಾಡುವ ಸ್ವಸಹಾಯ ಸಂಘದವರು ಈಗ ಊರಲ್ಲಿ ಬೇಕಾದಷ್ಟು ಇದ್ದಾರೆ. ಅವರ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ನಿಮ್ಮ ಕಟ್ಟೆಯ ಮೇಲೆ ಇರಲಿ.

ಎಳ್ಳಮವಾಸ್ಯೆ ಮುಂಚಿನ ವಾರ ಸಜ್ಜಿ ಹಿಟ್ಟು, ಎಳ್ಳು, ಶೇಂಗಾ, ಭಜ್ಜಿಗೆ ಬೇಕಾದ ಕಾಳು ಎಲ್ಲ ಒಂದೇ ಕಡೆ ಇಡಿ. ರಂಜಾನ್‌ಗೆ ಶಾವಿಗೆ, ಖರ್ಜೂರ. ಸಣ್ಣ ಮಾತು ಅನ್ನಿಸಬಹುದು. ಆದರೆ ಹಬ್ಬಕ್ಕೆ ಬಂದವರು ಬರೀ ಎಳ್ಳು ತೆಗೆದುಕೊಂಡು ಹೋಗುವುದಿಲ್ಲ, ಅಲ್ವಾ?

ಯಾದಗಿರಿ ಅಂಗಡಿ ಅಕ್ಕ:
ಎಲ್ಲರೂ ಸಾಮಾನಿನ ಮಾತೇ ಆಡುತ್ತಿದ್ದೀರಿ. ತಮ್ಮ ಬರೆದ ಮೊದಲ ಮಾತು ಉದ್ರಿಯದು. ಅದನ್ನು ಬಿಟ್ಟು ಬೇರೆ ಏನು ಮಾಡಿದರೂ ತೂತು ಕೊಡಕ್ಕೆ ನೀರು ಹಾಕಿದಂತೆ.

ನಾನು ಮನೆ ಮುಂದಿನ ಖೋಲಿಯಲ್ಲಿ ಅಂಗಡಿ ನಡೆಸುತ್ತೇನೆ. ಉದ್ರಿ ಇಲ್ಲ ಎಂದು ಬೋರ್ಡ್ ಹಾಕಿದರೆ ನಮ್ಮಂಥ ಕಡೆ ಅಂಗಡಿ ಮುಚ್ಚಬೇಕು. ಮಾರ್ಟ್ ಕೊಡದೇ ಇರುವುದು ಉದ್ರಿ ಒಂದನ್ನೇ. ಅದಕ್ಕೇ ಅದನ್ನು ಬಿಡಬೇಡಿ, ಆದರೆ ಅದಕ್ಕೊಂದು ಕಟ್ಟು ಹಾಕಿ.

ನನ್ನ ಪದ್ಧತಿ ಹೀಗಿದೆ. ಪ್ರತಿ ಮನೆಗೆ ಒಂದು ಮಿತಿ. ಹಳೆಯದು ತೀರದೆ ಹೊಸದು ಇಲ್ಲ, ನಮ್ಮ ಅಕ್ಕನ ಮನೆಯವರಿಗೂ ಇದೇ ನಿಯಮ. ಎರಡು ಪುಸ್ತಕ, ಒಂದು ನನ್ನ ಹತ್ತಿರ, ಒಂದು ಅವರ ಹತ್ತಿರ. ಬರೆಯುವಾಗ ಎರಡರಲ್ಲೂ ಬರೆಯುತ್ತೇನೆ. ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಗೃಹಲಕ್ಷ್ಮಿಯ ₹2,000 ಖಾತೆಗೆ ಬಿದ್ದರೆ ಹೆಣ್ಣುಮಕ್ಕಳು ತಾವೇ ಬಂದು ಬಾಕಿ ಕಟ್ಟುತ್ತಾರೆ. ಆದರೆ ಆ ದುಡ್ಡು ಬೀಳುವ ತಾರೀಖು ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಅದನ್ನೇ ನಂಬಿ ಡಿಸ್ಟ್ರಿಬ್ಯೂಟರ್‌ಗೆ ಮಾತು ಕೊಡಬೇಡಿ.

ಎಲ್ಲಕ್ಕಿಂತ ಹೆಚ್ಚು ಏಟು ಬೀಳುವುದು ದುಡಿಯಲು ಹೋಗುವವರಿಂದ. ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್ ಎಂದು ಮನೆಮಂದಿಯೆಲ್ಲ ಹೊರಟುಬಿಡುತ್ತಾರೆ. ಅವರು ಮೋಸಗಾರರಲ್ಲ. ಹಬ್ಬಕ್ಕೆ ಬಂದಾಗ ಕೊಡುತ್ತಾರೆ. ಆದರೆ ಅಲ್ಲಿ ತನಕ ನಿಮ್ಮ ಬಂಡವಾಳ ಅವರ ಜೊತೆ ಊರೂರು ಸುತ್ತುತ್ತಿರುತ್ತದೆ. ಹೋಗುವ ಮುಂಚೆ ಫೋನ್ ನಂಬರ್ ತೆಗೆದುಕೊಳ್ಳಿ. ಈಗ ಫೋನ್‌ಪೇನಲ್ಲಿ ಅಲ್ಲಿಂದಲೇ ಐನೂರು, ಸಾವಿರ ಹಾಕುತ್ತಾರೆ. ಕೇಳಬೇಕು ಅಷ್ಟೇ. ಕೇಳಲು ನಾಚಿಕೆ ಪಡುವವರು ಈ ಧಂದೆಗೆ ಬರಬಾರದು.

ಮತ್ತೊಂದು, ಪಟ್ಟಿ ವಾಪಸ್ ತರಬೇಕೆಂದರೆ ವಾಟ್ಸ್ಆ್ಯಪ್ ಹಿಡಿಯಿರಿ. ನಮ್ಮಲ್ಲಿ ವಯಸ್ಸಾದ ಅಜ್ಜಿಯರೂ ವಾಯ್ಸ್ ಮೆಸೇಜ್ ಕಳಿಸುತ್ತಾರೆ: "ಏ ಯವ್ವಾ, ಎರಡು ಕಿಲೋ ಬೆಲ್ಲ, ಅರ್ಧ ಕಿಲೋ ಪುಟಾಣಿ..." ಸಂಜೆ ಒಳಗೆ ಮನೆಗೆ ಮುಟ್ಟಿಸುತ್ತೇನೆ. ನಗದು ಕೊಟ್ಟು ಪೂರ್ತಿ ತಿಂಗಳ ಪಟ್ಟಿ ತೆಗೆದುಕೊಂಡರೆ ಸಕ್ಕರೆ ಮತ್ತು ಎಣ್ಣೆಯನ್ನು ನನಗೆ ಬಿದ್ದ ಖರೀದಿ ದರಕ್ಕೇ ಹಾಕುತ್ತೇನೆ. ಜನ ದರ ಹೋಲಿಸಿ ನೋಡುವುದು ಅವೆರಡರದ್ದೇ. ಉಳಿದದ್ದರಲ್ಲಿ ನನ್ನ ಲಾಭ ಬರುತ್ತದೆ.

ರೋಜಾ ಹುಡುಗ:
ಯಾದಗಿರಿ ಅಕ್ಕ ಅವರಿಗೆ ಸಲಾಂ. ಇದನ್ನು ಪ್ರಿಂಟ್ ತೆಗೆದು ನಮ್ಮ ಚಾಚಾನ ಅಂಗಡಿಯಲ್ಲಿ ಹಚ್ಚುತ್ತೇನೆ.

ಲೆಕ್ಕದವನು:
ಫೋನ್‌ಪೇ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಇಲ್ಲೂ ಕೆಲವರು ಹೆದರಿ ಹಾಗೇ ಮಾಡಿದರು. ಅದರಿಂದ ಗಿರಾಕಿ ಹೋಗುತ್ತಾರೆಯೇ ಹೊರತು ಕಾನೂನು ಬದಲಾಗುವುದಿಲ್ಲ. ನಗದು ವ್ಯಾಪಾರವೂ ವಹಿವಾಟಿಗೆ ಸೇರುತ್ತದೆ.

ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ₹40 ಲಕ್ಷ ವಹಿವಾಟು. ಅಂದರೆ ದಿನಕ್ಕೆ ಸುಮಾರು ₹11,000. ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಬಿಡಿ ಬೇಳೆ, ಬಿಡಿ ಅಕ್ಕಿಗೆ ತೆರಿಗೆ ಇಲ್ಲ ನಿಜ. ಆದರೆ ಸೋಪು, ಬಿಸ್ಕತ್ತಿನ ಜೊತೆ ಅದನ್ನೂ ಮಾರಿದರೆ ₹40 ಲಕ್ಷದ ಲೆಕ್ಕಕ್ಕೆ ಅದೂ ಸೇರುತ್ತದೆ. ಮಿತಿ ದಾಟಿದರೆ ₹1.5 ಕೋಟಿ ತನಕ ಕಾಂಪೋಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳಿಗೆ ಸರಳ ತೆರಿಗೆ ಪದ್ಧತಿ) ಇದೆ. ವ್ಯಾಪಾರಿಗಳಿಗೆ ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ 1% ಕಟ್ಟಿದರೆ ಸಾಕು. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಖರೀದಿ ಬಿಲ್ ಎಲ್ಲ ಒಂದು ಫೈಲ್‌ನಲ್ಲಿಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿಯನ್ನೂ ಮರೆಯಬೇಡಿ. ಬಿಡಿ ಎಣ್ಣೆ ಮಾತ್ರ ಬೇಡ, ಅದಕ್ಕೆ ನಿಷೇಧ ಇದೆ.

ಬೀದರ್ ಬಜಾರ್:
ಈಗ ರ್‍ಯಾಕ್ ವಿಷಯ. ನಾನು ಅರ್ಧ ಅಂಗಡಿಗೆ ಮಾತ್ರ ರ್‍ಯಾಕ್ ಹಾಕಿಸಿದ್ದೇನೆ. ಸೋಪು, ಪೇಸ್ಟ್, ಬಿಸ್ಕತ್ತು, ಮತ್ತೆ ಮೇಲೆ ಅಕ್ಕ ಹೇಳಿದ ಹೆಣ್ಣುಮಕ್ಕಳ ಸಾಮಾನು ಅಲ್ಲಿ. ಬೇಳೆ, ಜೋಳ, ಬೆಲ್ಲ, ಮಸಾಲೆ ನನ್ನ ಕಟ್ಟೆಯ ಹಿಂದೆಯೇ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ, ಅಮ್ಮಂದಿರು ಬಯ್ಯುತ್ತಲೇ ದುಡ್ಡು ಕೊಡುತ್ತಾರೆ. ಮಾರಾಟ ಹೆಚ್ಚಿದೆ. ಕಳ್ಳತನವೂ ಇದೆ, ಸುಳ್ಳು ಯಾಕೆ ಹೇಳಲಿ. ಕಟ್ಟೆಯ ಮೇಲೆ ಕೂತರೆ ಎಲ್ಲ ಕಾಣುವಂತೆ ರ್‍ಯಾಕ್ ಎದೆಮಟ್ಟಕ್ಕೆ ಇಡಿ. ಎಸಿ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಹತ್ತು ಬೈ ಹದಿನೈದರ ಅಂಗಡಿಗೆ ಶಟರ್ ತೆಗೆದಿಟ್ಟು ಎಸಿ ಓಡಿಸಿದರೆ ಲಾಭ ಎಲ್ಲ ಜೆಸ್ಕಾಂ ಕರೆಂಟ್ ಬಿಲ್‌ಗೇ ಹೋಗುತ್ತದೆ. ಚಾಕೊಲೇಟ್‌ಗೆ ಒಂದು ಸಣ್ಣ ಫ್ರಿಜ್ ಸಾಕು.

ಸ್ಟೇಷನ್ ರೋಡ್:
ಎಲ್ಲರೂ ದಾರಿ ತೋರಿಸುತ್ತಿದ್ದೀರಿ, ಒಳ್ಳೆಯದು. ಆದರೆ ಬಾಡಿಗೆ ಕಟ್ಟುವವರ ಗತಿ ಬೇರೆ. 2024ರಲ್ಲಿ ಅದೇ ವಿತರಕರ ಒಕ್ಕೂಟ ಒಂದು ವರ್ಷದಲ್ಲಿ ದೇಶದಲ್ಲಿ 2 ಲಕ್ಷ ಕಿರಾಣಿ ಅಂಗಡಿ ಮುಚ್ಚಿವೆ ಎಂದು ಹೇಳಿತು. ಅವರ ಅಂದಾಜು ಹೆಚ್ಚು ಕಡಿಮೆ ಇರಬಹುದು, ಅವರಿಗೂ ಅವರದೇ ಕಷ್ಟ ಇದೆ. ಆದರೆ ನಮ್ಮ ಸಾಲಿನಲ್ಲೇ ಶಟರ್ ಎಳೆದವರು ಇದ್ದಾರೆ. ಬಾಡಿಗೆ, ಒಬ್ಬ ಹುಡುಗನ ಪಗಾರ, ಕರೆಂಟ್, ಮೂರು ಸೇರಿದರೆ ಬೇಳೆ ಜೋಳದ ಲಾಭ ಸಾಲದು. ಇವರಿಗೆ ಜಾಗ ಸ್ವಂತದ್ದು ಇದೆ, ಹಾಗಾಗಿ ಈ ಮಾತೆಲ್ಲ ನಡೆಯುತ್ತದೆ. ಬಾಡಿಗೆ ಅಂಗಡಿಯವರು ಇದನ್ನು ಓದಿ ಸಾಲ ಮಾಡಿ ರ್‍ಯಾಕ್ ಹಾಕಿಸಬೇಡಿ.

ಗಂಜ್ ಮುನೀಮ:
ಸ್ಟೇಷನ್ ರೋಡ್ ಅವರ ಮಾತಿಗೆ ನನ್ನದೂ ಒಂದು ಮತ.

ಶಹಾಬಜಾರ್ ಕಿರಾಣಿ:
ಎಲ್ಲ ಓದಿದೆ, ಅಪ್ಪನಿಗೂ ಓದಿ ಹೇಳಿದೆ. ಪ್ಯಾಡ್ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟೆಯ ಮೇಲಿನ ಬೆಂಚು ಆಚೆ ಕಡೆ ಹಾಕು ಎಂದರು. ಅಷ್ಟಕ್ಕೆ ಒಪ್ಪಿದ್ದೇ ದೊಡ್ಡದು!

ಮೂರೂವರೆ ಲಕ್ಷದ ಕೆಲಸ ಸದ್ಯಕ್ಕೆ ಬೇಡ ಎಂದು ಭಾವನಿಗೆ ಹೇಳಿದ್ದೇನೆ. ಒಂದು ಗೋಡೆಗೆ ಮಾತ್ರ ರ್‍ಯಾಕ್. ಬೇಳೆಗೆ ಎರಡು ಡಬ್ಬ. ಗಿರಣಿಯವರ ಜೊತೆ ಮಾತು ಆಗಿದೆ. ಉದ್ರಿ ಪುಸ್ತಕ ಇಬ್ಬರ ಹತ್ತಿರವೂ ಇರಬೇಕು ಅನ್ನುವುದಕ್ಕೆ ಮಾತ್ರ ಅಪ್ಪ ಇನ್ನೂ ಒಪ್ಪಿಲ್ಲ. "ನಮ್ಮ ಮೇಲೆ ಅವರಿಗೇ ನಂಬಿಕೆ ಇದೆ, ನಿನಗೇಕೆ ಇಲ್ಲ" ಅನ್ನುತ್ತಾರೆ.

ಒಂದು ಪ್ರಶ್ನೆ ಉಳಿದಿದೆ. ಗಿರಾಕಿ ಎದುರಿಗೇ ತೂಗಬೇಕು ಎಂದರೆ ನಮ್ಮ ಹಳೆಯ ತಕ್ಕಡಿ ನಡೆಯುತ್ತದಾ, ಎಲೆಕ್ಟ್ರಾನಿಕ್ ಕಾಂಟಾನೇ ಬೇಕಾ?

ಬೀದರ್ ಬಜಾರ್:
ಕಾನೂನಿಗೆ ಎರಡೂ ನಡೆಯುತ್ತದೆ, ಸೀಲು ಇರಬೇಕು. ಎಲೆಕ್ಟ್ರಾನಿಕ್ ಕಾಂಟಾಕ್ಕೆ ವರ್ಷಕ್ಕೊಮ್ಮೆ ತೂಕ-ಅಳತೆ ಇಲಾಖೆಯವರ ಹತ್ತಿರ ಸೀಲು ಹಾಕಿಸಬೇಕು. ಎರಡೂ ಕಡೆ ಅಂಕಿ ಕಾಣುವಂಥದ್ದು ತೆಗೆದುಕೊಳ್ಳಿ, ಒಂದು ನಿಮ್ಮ ಕಡೆ, ಒಂದು ಗಿರಾಕಿ ಕಡೆ. ಬ್ಯಾಟರಿ ಇರುವುದೇ ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಪಾವ್ ಕಿಲೋ ಸಕ್ಕರೆಗೆ ಗಿರಾಕಿಯನ್ನು ನಿಲ್ಲಿಸಬೇಕಾಗುತ್ತದೆ.